ಓಬಣ್ಣ ಬಿನ್ ತಿಪ್ಪಣ್ಣ, ತಿಪ್ಪಣ್ಣ ಬಿನ್ ಓಬಣ್ಣ

ಮೊದಲನೇ ಸಲ ನಾನು ಹೋಗಿದ್ದೇ ಎರಡನೇ ಶನಿವಾರ. ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಇಳಿದು ಮುಖ ತೊಳೆದು, ಜಗಳೂರು ಬಸ್ಸಿನಲ್ಲಿ ತೂಕಡಿಸುತ್ತಾ ಹೋಗಿ ತಾಲ್ಲೂಕು ಕಚೇರಿ ಮುಂದೆ ನಿಂತರೆ ಬಾಗಿಲಿಗೆ ಬೀಗ. ಚಹಾದಂಗಡಿಯವರು ಲೋಟ ತೊಳೆಯುತ್ತಲೇ, "ಇವತ್ತು ಸೆಕೆಂಡ್ ಸ್ಯಾಟರ್ಡೇ ಅಲ್ಲೇನ್ರೀ, ಯಾರು ಬರ್ತಾರೆ?" ಅಂದರು. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ಕಚೇರಿ ಇರುವುದಿಲ್ಲ ಅನ್ನುವುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಕ್ಯಾಲೆಂಡರ್ ನೋಡಿರಲಿಲ್ಲ, ಅಷ್ಟೇ. ಸೋಮವಾರ ಜನಜಂಗುಳಿ. ಮಂಗಳವಾರದಿಂದ ಗುರುವಾರದವರೆಗೆ ಮೂರು ದಿನ ಇಟ್ಟುಕೊಂಡು ಹೋಗುವುದು ಒಳ್ಳೆಯದು.

ನಾನು ಹುಡುಕಲು ಹೊರಟಿದ್ದು ಮುತ್ತಜ್ಜನನ್ನು, ಅಂದರೆ ಅಪ್ಪನ ಅಜ್ಜನನ್ನು. ಮನೆಯಲ್ಲಿ ಅವನ ಬಗ್ಗೆ ಇದ್ದಿದ್ದು ಮೂರೇ ಮಾತು: ಊರಿನ ತಳವಾರಿಕೆ, ಅಂದರೆ ಕಾವಲು ಕೆಲಸ ಮಾಡುತ್ತಿದ್ದ, ಪ್ಲೇಗಿನಲ್ಲಿ ಹೋದ, ಮುತ್ತಜ್ಜಿ ಒಬ್ಬಳೇ ಮಗನನ್ನು ಸಾಕಿದಳು. ಮುತ್ತಜ್ಜಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಪ್ಪನನ್ನು ಕೇಳಿದರೆ "ಅಜ್ಜಿ ಅಂತಿದ್ವಿ, ಹೆಸರು ಹಿಡಿದು ಯಾರು ಕರೀತಿದ್ರು?" ಅಂದರು.

ಇಂಥ ಪ್ರಯಾಣ ಶುರುವಾಗಬೇಕಾದ್ದು ಮನೆಯ ಹಿರಿಯರ ಮುಂದೆ, ಬಸ್‌ಸ್ಟ್ಯಾಂಡಿನಲ್ಲಲ್ಲ. "ಯಾವ ಇಸವಿ?" ಅಂತ ಕೇಳಬೇಡಿ, ಉತ್ತರ ಬರುವುದಿಲ್ಲ. "ಅಪ್ಪ ಹುಟ್ಟೋಕೆ ಮುಂಚೆನಾ ಆಮೇಲಾ?", "ಬರ ಬಿದ್ದಾಗಲಾ?", "ಹೊಲ ಯಾವ ಕಡೆ ಇತ್ತು, ಅದಕ್ಕೆ ಏನಂತಿದ್ರು?" ಅಂತ ಕೇಳಿ. ಊರಲ್ಲಿ ಹೊಲಗಳಿಗೆ ನಂಬರಿಗಿಂತ ಮುಂಚೆ ಹೆಸರಿತ್ತು. ನಮ್ಮ ದೊಡ್ಡಮ್ಮ "ಕರೇಕಲ್ಲು ಹೊಲ" ಅಂದ ಒಂದು ಮಾತಿನಿಂದ ನಮಗೆ ಸರ್ವೆ ನಂಬರ್ ಸಿಕ್ಕಿತು. ಹೆಂಗಸರನ್ನು ಬಿಡಬೇಡಿ. ಯಾರ ತವರು ಯಾವ ಊರು, ಯಾರಿಗೆ ಯಾರನ್ನು ಕೊಟ್ಟಿದ್ದರು ಅನ್ನುವುದು ಅವರಿಗೇ ನೆನಪಿರುತ್ತದೆ. ಮನೆದೇವರು ಯಾವುದು, ಬೆಡಗು (ಕುಲದ ಕವಲು) ಯಾವುದು, ಇದನ್ನೂ ಬರೆದುಕೊಳ್ಳಿ. ಬೇರೆ ಊರಿಗೆ ಹೋದ ಕವಲುಗಳು ಸೇರುವುದು ಮನೆದೇವರ ಜಾತ್ರೆಯಲ್ಲಿ.

ಸಾಮಾನ್ಯ ರೈತನ ಮನೆಯ ಮಟ್ಟಿಗೆ ಸರ್ಕಾರದ ಕಾಗದಕ್ಕೆ ಮನುಷ್ಯನ ಗುರುತಿಲ್ಲ, ಭೂಮಿಯ ಗುರುತು ಮಾತ್ರ ಇದೆ. ಹಾಗಾಗಿ ಹೆಸರು ಹಿಡಿದು ಹೋದರೆ ದಾರಿ ತಪ್ಪುತ್ತದೆ. ಹೊಲ ಹಿಡಿದು ಹಿಂದೆ ಹಿಂದೆ ಹೋಗಬೇಕು. ಇವತ್ತಿನ ಕಂಪ್ಯೂಟರ್ ಪಹಣಿಯಿಂದ ಸರ್ವೆ ನಂಬರ್, ಹಿಸ್ಸಾ (ಪಾಲಿನ) ನಂಬರ್ ತೆಗೆದುಕೊಂಡು, ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ಯೋಜನೆ ಬರುವ ಮುಂಚಿನ ಕೈಬರಹದ ಪಹಣಿ ಕೇಳಿ. ಅದರಲ್ಲಿ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರ್ ಇರುತ್ತದೆ. ಆ ನಂಬರಿನ ಮ್ಯುಟೇಷನ್ ತೆಗೆಸಿದರೆ ಖಾತೆ ಯಾರಿಂದ ಯಾರಿಗೆ, ಯಾಕೆ ಬಂತು ಅನ್ನುವುದು ಗೊತ್ತಾಗುತ್ತದೆ: ಪೌತಿಯೋ, ವಿಭಾಗವೋ, ಕ್ರಯವೋ. ಪೌತಿ ಖಾತೆ ಅಂದರೆ ಒಂದು ಸಾವು, ಒಬ್ಬ ವಾರಸುದಾರ. ಅದಕ್ಕೂ ಹಿಂದಕ್ಕೆ ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್), ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ಪುಸ್ತಕಗಳು. ಇನ್ನೂ ಹಿಂದಕ್ಕೆ ಸರ್ವೆ ಇಲಾಖೆಯ ಅಳತೆ ಟಿಪ್ಪಣಿ, ವಿಸ್ತೀರ್ಣ-ಕಂದಾಯ ಬರೆದ ಆಕಾರಬಂದ್. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾಗಿದ್ದು 1863ರಲ್ಲಿ. ಹೊಲದ ಕಾಗದ ಹಿಡಿದು ಹೋಗುವವರಿಗೆ ಸಾಮಾನ್ಯವಾಗಿ ಅಲ್ಲೇ ಗೋಡೆ ಎದುರಾಗುತ್ತದೆ. ದುರ್ಗದ ಸೀಮೆಯಲ್ಲಿ ಯಾರನ್ನು ಕೇಳಿದರೂ ಅವರ ಹಿರೀಕ ಮದಕರಿನಾಯಕನ ದಂಡಿನಲ್ಲೇ ಇದ್ದವನು. ಇರಬಹುದು. ಆದರೆ ಕೋಟೆ ಹೈದರಾಲಿ ಕೈಗೆ ಹೋಗಿದ್ದು 1779ರಲ್ಲಿ. ಅಲ್ಲಿಂದ ಸರ್ವೆವರೆಗಿನ ಎಂಬತ್ತು ಚಿಲ್ಲರೆ ವರ್ಷವನ್ನು ಕಾಗದದಲ್ಲಿ ದಾಟಿಸುವುದು ಬಡವರ ಮನೆತನಕ್ಕೆ ಬಲು ಕಷ್ಟ.

ಕಾಗದ ಓದಲು ಒಂದಿಷ್ಟು ಪರಿಭಾಷೆ ಬೇಕು. 'ಬಿನ್' ಅಂದರೆ ಇಂಥವರ ಮಗ, 'ಕೋಂ' ಅಂದರೆ ಇಂಥವರ ಹೆಂಡತಿ. ಅಂಕಿಗಳು ಕನ್ನಡದಲ್ಲಿರುತ್ತವೆ. ಕಂದಾಯ ರೂಪಾಯಿ-ಆಣೆ-ಪೈಯಲ್ಲಿ: ಹದಿನಾರು ಆಣೆಗೆ ರೂಪಾಯಿ, ಹನ್ನೆರಡು ಪೈಗೆ ಆಣೆ. ಆದರೆ ಸರ್ವೆ ಟಿಪ್ಪಣಿಯಲ್ಲಿ 'ಆಣೆ' ಕಂಡರೆ ಅದು ದುಡ್ಡಲ್ಲ. ಸರಪಳಿಯ ಹದಿನಾರನೇ ಒಂದು ಪಾಲು. ಸರಪಳಿ 33 ಅಡಿ, ಒಂದು ಸರಪಳಿ ಚೌಕಕ್ಕೆ ಒಂದು ಗುಂಟೆ. ನಾನು ಇದು ಗೊತ್ತಿಲ್ಲದೆ ಮುತ್ತಜ್ಜನ ಹೊಲದ ಅಂಚಿನ ಅಳತೆಯನ್ನು ಅವನು ಕಟ್ಟಿದ ತೆರಿಗೆ ಅಂದುಕೊಂಡು ಅರ್ಧ ದಿನ ಮರುಗಿದೆ.

ಈಗ ಹೆಸರಿನ ಕಥೆ. ಹೆಸರುಗಳನ್ನು ಬದಲಿಸಿ ಹೇಳುತ್ತೇನೆ. ನಮ್ಮ ಅಜ್ಜ ಓಬಣ್ಣ, ಅವನಪ್ಪ ತಿಪ್ಪಣ್ಣ ಅಂತಿಟ್ಟುಕೊಳ್ಳಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಈ ಸೀಮೆಯಲ್ಲಿ ಊರಿಗೆ ಹತ್ತು ತಿಪ್ಪಣ್ಣರು. ಅದಕ್ಕಿಂತ ದೊಡ್ಡ ತೊಡಕು, ಮೊಮ್ಮಗನಿಗೆ ಅಜ್ಜನ ಹೆಸರಿಡುವುದು. ಹಾಗಾಗಿ ಓಬಣ್ಣ ಬಿನ್ ತಿಪ್ಪಣ್ಣ, ಅವನ ಹಿಂದೆ ತಿಪ್ಪಣ್ಣ ಬಿನ್ ಓಬಣ್ಣ, ಅವನ ಹಿಂದೆ ಮತ್ತೆ ಓಬಣ್ಣ ಬಿನ್ ತಿಪ್ಪಣ್ಣ. ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿದ ಒಂದು ಖಾತೆ ನಕಲಿನಲ್ಲಿ "ಓಬಣ್ಣ ಬಿನ್ ತಿಪ್ಪಣ್ಣ, ತಳವಾರ" ಅಂತಿತ್ತು. ಇಸವಿ ಇದ್ದ ಮೂಲೆಯನ್ನು ಹುಳು ತಿಂದಿತ್ತು. ಅಜ್ಜನದೇ ಅಂತ ಎರಡು ದಿನ ನಂಬಿಕೊಂಡಿದ್ದೆ. ಕಣ್ಣು ತೆರೆಸಿದ್ದು ಮೇಲಿನ ಸಾಲು: ಅಲ್ಲಿ ಜಗಳೂರು ತಾಲ್ಲೂಕು ಅಂತಿರಲಿಲ್ಲ, "ಕಣಕುಪ್ಪೆ ತಾಲ್ಲೂಕು" ಅಂತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಈ ತಾಲ್ಲೂಕಿನ ಹೆಸರೇ ಕಣಕುಪ್ಪೆ, ಕಚೇರಿ ಮಾತ್ರ ಜಗಳೂರಲ್ಲಿ. ನಮ್ಮ ಅಜ್ಜ ಹುಟ್ಟಿದ್ದು ಇಪ್ಪತ್ತನೇ ಶತಮಾನದಲ್ಲಿ. ಅಲ್ಲಿಗೆ ಆ ಓಬಣ್ಣ ಅಜ್ಜನ ಅಜ್ಜ! ಹೆಸರು ಮೋಸ ಮಾಡಿದ ಕಡೆ ತಾಲ್ಲೂಕು ಕೈ ಹಿಡಿಯಿತು. ನೀವೂ ಹೋಗುವ ಮುಂಚೆ ನಿಮ್ಮೂರು ಯಾವ ಯಾವ ತಾಲ್ಲೂಕು, ಜಿಲ್ಲೆಗಳಲ್ಲಿ ಓಡಾಡಿದೆ ಅಂತ ನೋಡಿಕೊಳ್ಳಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೆ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ. ಹರಪನಹಳ್ಳಿಯದಂತೂ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಜಿಲ್ಲಾ ಮಟ್ಟದ ಹಳೇ ಕಡತ ಬೇಕಿದ್ದರೆ ಎರಡೂ ಕಡೆ ಕೇಳಬೇಕು.

ರೆಕಾರ್ಡ್ ರೂಮಿನ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೂರು ಕಚೇರಿ ಅಲೆದೆ. ಒಂದು ಕಡೆ "ಅಷ್ಟು ಹಳೇದು ಇಲ್ಲ" ಅಂತ ಹುಡುಕದೇ ಹೇಳಿದರು. ವಾದ ಮಾಡಲಿಲ್ಲ, ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು, ಕೊಟ್ಟರು. ಕಾಗದ ಇತ್ತು. ನಕಲಿಗೆ ಪುಟಕ್ಕೆ ಎರಡು ರೂಪಾಯಿ. ಅರ್ಜಿಯಲ್ಲಿ "ನಮ್ಮ ಮುತ್ತಜ್ಜನ ಮಾಹಿತಿ" ಅಂತ ಬರೆಯಬೇಡಿ. ಗ್ರಾಮ, ಹೋಬಳಿ, ಸರ್ವೆ ನಂಬರ್, ಯಾವ ಪುಸ್ತಕ, ಯಾವ ಇಸವಿಯಿಂದ ಯಾವ ಇಸವಿವರೆಗೆ, ಇಷ್ಟು ಬರೆಯಿರಿ. ಆಧಾರ್ ನಕಲು, ಪೆನ್ಸಿಲ್ಲು, ಭೂತಗನ್ನಡಿ, ಮಾಸ್ಕು ಜೊತೆಗಿರಲಿ. ಧೂಳು ಅಂದರೆ ಧೂಳು. ಫೋಟೋ ತೆಗೆಯುವ ಮುಂಚೆ ಕೇಳಿ.

ಕೈಗೆ ಬಂದ ಆ ಕಾಗದದ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ನಿಮ್ಮ ಮನೆತನಕ್ಕೆ ಶಾನುಭೋಗಿಕೆ, ಪಟೇಲಿಕೆ, ತಳವಾರಿಕೆ, ತೋಟಿ, ನೀರಗಂಟಿ, ಯಾವುದೇ ಊರ ಚಾಕರಿ ಇದ್ದು ಅದಕ್ಕೆ ಇನಾಂ ಹೊಲ ಇದ್ದಿದ್ದರೆ ರೀಗ್ರಾಂಟ್ (ಮರುಮಂಜೂರಾತಿ) ಫೈಲ್ ಕೇಳಲೇಬೇಕು. ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದು ಮಾಡುವ ಕಾಯ್ದೆ 1961ರದು, ಜಾರಿಗೆ ಬಂದಿದ್ದು 1963ರ ಫೆಬ್ರವರಿ 1ರಿಂದ. ಇನಾಂ ಹೊಲ ಸರ್ಕಾರಕ್ಕೆ ಸೇರಿ, ಹಿಂದಿನ ಹಕ್ಕುದಾರರು ಮರುಮಂಜೂರಾತಿಗೆ ಅರ್ಜಿ ಹಾಕಬೇಕಾಯಿತು. ನಮಗೆ ಹೊಲ ಹೇಗೆ ಬಂತು, ನಮ್ಮಪ್ಪ ಯಾರು, ಅವನಪ್ಪ ಯಾರು ಅಂತ ಹೇಳಿಕೆ ಕೊಡಬೇಕಾಯಿತು. ಹಾಗೆಯೇ 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಹಾಕಿದ ಫಾರಂ ನಂಬರ್ 7ರ ಫೈಲುಗಳೂ ಚಿನ್ನ. ಓದುಬರಹ ಇಲ್ಲದ ಜನ ತಮ್ಮ ಬಾಯಲ್ಲಿ ಹೇಳಿದ ಮಾತು ಬರಹದಲ್ಲಿ ಉಳಿದಿರುವುದು ಅಲ್ಲಿ. ತಾಲ್ಲೂಕಿನಲ್ಲಿ ಸಿಗದಿದ್ದರೆ ಉಪವಿಭಾಗಾಧಿಕಾರಿ ಕಚೇರಿಯಲ್ಲೂ ವಿಚಾರಿಸಿ.

ನಮ್ಮ ಫೈಲಿನಲ್ಲಿ ಅಜ್ಜನ ಹೇಳಿಕೆ ಒಂದೂವರೆ ಪುಟ, ಗುಮಾಸ್ತರ ಕೈಬರಹ, ಕೊನೆಗೆ ಅಜ್ಜನ ಎಡಗೈ ಹೆಬ್ಬೆಟ್ಟು. ಭಾಷೆ ಕಚೇರಿಯದು. ಮಧ್ಯೆ ಒಂದು ವಾಕ್ಯ ಮಾತ್ರ ಅಜ್ಜನದೇ: "ಕಾಳಯುಕ್ತಿ ಸಂವತ್ಸರ ಆಶ್ವೀಜದಲ್ಲಿ ಜ್ವರ ಬಂದು ನಮ್ಮಪ್ಪ ಮೂರೇ ದಿನಕ್ಕೆ ಹೋದ, ಆಗ ನನಗೆ ಬುದ್ಧಿ ಇರಲಿಲ್ಲ." ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕಾಳಯುಕ್ತಿ ಅಂದರೆ 1858-59, 1918-19, 1978-79. ಅಜ್ಜನ ವಯಸ್ಸಿಗೆ ಹೊಂದುವುದು ನಡುವಿನದು. 1918ರ ಅಕ್ಟೋಬರ್ ಸುಮಾರು. ಅದು ಪ್ಲೇಗಲ್ಲ, ಜಗತ್ತನ್ನೇ ಸುತ್ತಿ ಬಂದ ಇನ್‌ಫ್ಲುಯೆಂಜಾ ಇರಬೇಕು. ನೂರು ವರ್ಷ ನಮ್ಮ ಮನೆಯಲ್ಲಿ ಬೇರೆ ಕಾಯಿಲೆಗೆ ಬೈದುಕೊಂಡಿದ್ದೆವು. ಅರವತ್ತು ಸಂವತ್ಸರಗಳ ಪಟ್ಟಿ ಫೋನಿನಲ್ಲಿಟ್ಟುಕೊಂಡು ಹೋಗಿ. ಸಂವತ್ಸರ ಯುಗಾದಿಗೆ ಶುರುವಾಗುವುದರಿಂದ ಜನವರಿ-ಫೆಬ್ರವರಿ ಘಟನೆಗಳಿಗೆ ಇಸವಿ ಒಂದು ಮುಂದಕ್ಕೆ ಹೋಗುತ್ತದೆ ಅನ್ನುವುದೂ ನೆನಪಿರಲಿ.

ಅದೇ ಫೈಲಿಗೆ ಹೊಲೆದಿದ್ದ ಹಳೇ ಖಾತೆ ನಕಲಿನಲ್ಲಿ ಇನ್ನೊಂದು ಸಾಲು. "ಓಬಣ್ಣ ಬಿನ್ ತಿಪ್ಪಣ್ಣ, ಮೈನರ್, ಗಾರ್ಡಿಯನ್ ತಾಯಿ ಕೆಂಚಮ್ಮ ಕೋಂ ತಿಪ್ಪಣ್ಣ." ಮುತ್ತಜ್ಜಿ. ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನಮ್ಮ ದೊಡ್ಡಕ್ಕನಿಗೆ ಇಟ್ಟಿದ್ದು ಅದೇ ಹೆಸರಲ್ಲೇನೋ" ಅಂದರು.

ಊರಿಗೆ ಹೋಗುವುದಾದರೆ ಸುಗ್ಗಿ ಮುಗಿದ ಮೇಲೆ, ಜನವರಿ-ಫೆಬ್ರವರಿಯಲ್ಲಿ ಹೋಗಿ. ಜನ ಬಿಡುವಾಗಿರುತ್ತಾರೆ, ಹೆಳವರು ಬರುವುದೂ ಆಗಲೇ. ಹೆಳವರು ತಲೆತಲಾಂತರದಿಂದ ತಮ್ಮ ಒಕ್ಕಲು ಮನೆಗಳ ವಂಶಾವಳಿ ಹೇಳುವವರು. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು, ನಮ್ಮೂರಿಗೆ ಬಂದವರು ಟೆಂಪೋದಲ್ಲಿ ಬಂದರು. ದೊಡ್ಡಪ್ಪನಿಗೆ ಮೊದಲೇ ಹೇಳಿಟ್ಟಿದ್ದೆ, ಬಂದ ಕೂಡಲೇ ಫೋನ್ ಮಾಡಿದರು. ಜಗುಲಿ ಮೇಲೆ ಹೊತ್ತಿಗೆ ಬಿಚ್ಚಿ ಅವರು ರಾಗವಾಗಿ ಎಂಟು ತಲೆ ಹೇಳಿದರು. ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ನಮ್ಮವರು ಹರಪನಹಳ್ಳಿ ಕಡೆಯಿಂದ ಇಲ್ಲಿಗೆ ಬಂದರಂತೆ. ಅದು 1876-78ರ ಬರ. ಮೈಸೂರು ಸೀಮೆಯ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿದ್ದಿದ್ದು 1881ಕ್ಕೆ 42 ಲಕ್ಷಕ್ಕೂ ಕೆಳಗಿಳಿದಿತ್ತು. ಆ ಕಾಲದಲ್ಲಿ ಊರು ಬಿಟ್ಟವರು ಇರುವುದು ಸಹಜ. ಹೆಳವರ ಹೊತ್ತಿಗೆಯ ಕೆಳಗಿನ ನಾಲ್ಕು ತಲೆ ನಮ್ಮ ಕಾಗದಕ್ಕೆ ಸರಿಯಾಗಿ ಕೂತವು. ಅದರ ಮೇಲಿನದನ್ನು ಗೌರವದಿಂದ ಬರೆದುಕೊಂಡಿದ್ದೇನೆ, ಪೆನ್ಸಿಲ್ಲಿನಲ್ಲಿ. ಕೆಂಚಮ್ಮ ಅಲ್ಲಿ ಇರಲಿಲ್ಲ, ಗಂಡಸರ ಸಾಲು ಮಾತ್ರ. ಕಾಣಿಕೆ ಕೊಡುವಾಗ ಚೌಕಾಸಿ ಮಾಡಬೇಡಿ. ಅವರು ಮತ್ತೆ ಬರುವುದು ಎಷ್ಟೋ ವರ್ಷಕ್ಕೆ.

ಊರ ಮುಂದೆ ಒಂದು ವೀರಗಲ್ಲಿದೆ. ಅದು ನಮ್ಮವರದೇ ಅಂತ ದೊಡ್ಡಪ್ಪನ ವಾದ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯ ಶಾಸನಗಳದು, ತಾಲ್ಲೂಕುವಾರು ಇದೆ. ನಿಮ್ಮೂರ ಕಲ್ಲಿನ ಬಗ್ಗೆ ಜಗಳ ಆಡುವ ಮುಂಚೆ ಅದನ್ನು ನೋಡಿ. ನಮ್ಮ ಕಲ್ಲಿನಲ್ಲಿ ಅಕ್ಷರವೇ ಇಲ್ಲ, ಹಾಗಾಗಿ ದೊಡ್ಡಪ್ಪನೇ ಗೆದ್ದರು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಾಲದ ಕಡತ ಹುಡುಕುವವರು ಇಂಗ್ಲಿಷ್ ಪಟ್ಟಿಯಲ್ಲಿ ಚಿತ್ರದುರ್ಗವನ್ನು 'ಚಿತಲ್‌ಡ್ರೂಗ್' ಅಂತ ನೋಡಬೇಕು.

ಉಳಿದುಕೊಳ್ಳಲು ದಾವಣಗೆರೆಯೇ ಅನುಕೂಲ. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಯ ರೈಲುಗಳು ಚಿಕ್ಕಜಾಜೂರು ಮೇಲೆ ಹೋಗುತ್ತವೆ, ಚಿತ್ರದುರ್ಗ ಮುಟ್ಟುವುದಿಲ್ಲ. ದುರ್ಗಕ್ಕೆ ಹೆದ್ದಾರಿ ಬಸ್ಸೇ ಸರಿ, ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್. ಕಚೇರಿ ತೆರೆಯುವ ಮುಂಚೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ-ಮಿರ್ಚಿ. ಎರಡರ ನಡುವೆ ಊಟದ ಯೋಚನೆ ಬೇಕಾಗಲಿಲ್ಲ. ಕೋಟೆಗೆ ಅರ್ಧ ದಿನ ಬೇಕು, ನಾನು ಕೊಟ್ಟಿದ್ದು ಒಂದು ಗಂಟೆ.

ಪೆಟ್ಟಿಗೆಯಲ್ಲಿ ಸಿಕ್ಕಿದ್ದರಲ್ಲಿ ಒಂದು ಹಾಳೆ ಮಾತ್ರ ಹಾಗೇ ಉಳಿದಿದೆ. ಅದು ಮೋಡಿ ಲಿಪಿಯೋ, ಯಾರೋ ಶಾನುಭೋಗರ ಅವಸರದ ಕನ್ನಡವೋ ಯಾರಿಗೂ ಬಗೆಹರಿದಿಲ್ಲ. ನಾಲ್ಕು ಜನ ಹಿರಿಯರು ನಾಲ್ಕು ಥರ ಓದಿದರು. ಒಬ್ಬರ ಪ್ರಕಾರ ಅದು ಸಾಲದ ಪತ್ರ, ಇನ್ನೊಬ್ಬರ ಪ್ರಕಾರ ಎತ್ತು ಕಳುವಾದ ದೂರು. ತಳವಾರನ ಮನೆಯಲ್ಲಿ ಎರಡೂ ಇರಬಹುದಾದದ್ದೇ. ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೋ ತೆಗೆದು, ಹಾಳೆಯನ್ನು ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಮೊದಲು ಲ್ಯಾಮಿನೇಷನ್ ಮಾಡಿಸಲು ಹೊರಟಿದ್ದೆ. ಜೆರಾಕ್ಸ್ ಅಂಗಡಿಯ ಹುಡುಗನೇ ತಡೆದ: "ಬೇಡ ಸರ್, ಒಂದ್ಸಲ ಅಂಟಿಸಿದ್ರೆ ಮತ್ತೆ ಬಿಡ್ಸೋಕಾಗಲ್ಲ."