ನೇತಾಜಿ ಹತ್ತಿದ ಯು-180ರ ಇಂಜಿನ್ ಕಥೆ

ಜನವರಿ 23 ಬಂದರೆ ಸಾಕು, ನಮ್ಮ ಕಲಾಸಿಪಾಳ್ಯದ ಗ್ಯಾರೇಜ್ ಹುಡುಗರ ವಾಟ್ಸಾಪ್ ಗ್ರೂಪ್ ತುಂಬಾ ನೇತಾಜಿ ಫೋಟೋ. ಅವರು ಜರ್ಮನಿಯಿಂದ ಏಷ್ಯಾ ಕಡೆಗೆ ಸಬ್‌ಮರೀನ್ ಹತ್ತಿ ಹೋಗಿದ್ದು ಎಲ್ಲರಿಗೂ ಗೊತ್ತು. ಆ ಸಬ್‌ಮರೀನ್ ಎಂಥದ್ದು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನಗೋ, ಗಾಡಿ ಯಾವುದೇ ಇರಲಿ, ಮೊದಲು ಬಾನೆಟ್ ಎತ್ತಿ ನೋಡಬೇಕು.

ಜರ್ಮನಿಯ ಬ್ರೆಮೆನ್‌ನಲ್ಲಿ ಕಟ್ಟಿದ ಆ ಸಬ್‌ಮರೀನ್, ಯು-180, ಸೇವೆಗೆ ಸೇರಿದ್ದು 1942ರ ಮೇನಲ್ಲಿ. ಒಳಗೆ ಆರು ಮರ್ಸಿಡಿಸ್-ಬೆಂಝ್ ಡೀಸೆಲ್ ಇಂಜಿನ್. ಒಂದೊಂದಕ್ಕೂ 20 ಸಿಲಿಂಡರ್! ಕೇಳಿದರೇ ಬಾಯಲ್ಲಿ ನೀರೂರುತ್ತದೆ. ಆದರೆ ಅವು ಪುಟ್ಟ ಟಾರ್ಪೆಡೊ ಬೋಟುಗಳಿಗೆಂದು ಮಾಡಿದ ಇಂಜಿನ್‌ಗಳು. ಜೋರಾಗಿ ನುಗ್ಗಿ, ಹೊಡೆದು, ವಾಪಸ್ ಓಡಿಬರೋ ಜಾತಿ. ಅಂಥವನ್ನು ತಿಂಗಳುಗಟ್ಟಲೆ ಸಾಗರ ದಾಟೋ ಸಬ್‌ಮರೀನ್‌ಗೆ ಹಾಕಿದ್ದು ರೇಸ್ ಕುದುರೆಯನ್ನು ಎತ್ತಿನ ಗಾಡಿಗೆ ಕಟ್ಟಿದ ಹಾಗೆ. ನೀರಿನ ಮೇಲೆ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ದಾಟುತ್ತಿತ್ತು, ನಿಜ. ಆದರೆ ವಿಪರೀತ ಬಿಸಿ, ಜೊತೆಗೆ ಹೊಗೆ. ಕದ್ದು ಓಡಾಡಬೇಕಾದ ಹಡಗು ಹೊಗೆ ಕಕ್ಕಿದರೆ ಏನು ಬಂತು?

1943ರ ಫೆಬ್ರವರಿ 9ರಂದು ಬೋಸ್ ಮತ್ತು ಅವರ ಸಹಾಯಕ, ಹೈದರಾಬಾದಿನ ಆಬಿದ್ ಹಸನ್, ಜರ್ಮನಿಯ ಕೀಲ್ ಬಂದರಿನಲ್ಲಿ ಇದನ್ನೇ ಹತ್ತಿದರು. ಎಲ್ಲೆಲ್ಲೂ ಡೀಸೆಲ್ ವಾಸನೆ ಇತ್ತು ಅಂತ ಹಸನ್ ಆಮೇಲೆ ಹೇಳಿಕೊಂಡಿದ್ದಾರೆ. ಅದರ ನಡುವೆಯೇ ಬೋಸ್ ಹೇಳುತ್ತಿದ್ದರು, ಇವರು ಬರೆದುಕೊಳ್ಳುತ್ತಿದ್ದರು. ದಾರಿಯಲ್ಲಿ, ಏಪ್ರಿಲ್ 18ರಂದು, ಕಾರ್ಬಿಸ್ ಅನ್ನೋ ಬ್ರಿಟಿಷ್ ಟ್ಯಾಂಕರನ್ನೂ ಮುಳುಗಿಸಿದರು. ಅಲ್ಲಾ, ಇಂಥ ಅತಿಥಿ ಒಳಗಿರುವಾಗ ಕಮಾಂಡರ್ ಮೂಸೆನ್‌ಬೆರ್ಗ್‌ಗೆ ಈ ಉಸಾಬರಿ ಬೇಕಿತ್ತಾ?

ತಿಂಗಳ ಕೊನೆಗೆ ಮಡಗಾಸ್ಕರ್‌ನ ಆಗ್ನೇಯಕ್ಕೆ ಜಪಾನಿನ ಸಬ್‌ಮರೀನ್ ಐ-29 ಸಿಕ್ಕಿತು. ಸಮುದ್ರ ರೊಚ್ಚಿಗೆದ್ದಿತ್ತು. ಕಾದರು. ಕೊನೆಗೆ ರಬ್ಬರ್ ದೋಣಿಯಲ್ಲಿ ಇಬ್ಬರೂ ಆ ಕಡೆ ದಾಟಿದರು. ಈ ಕಡೆಗೆ ಇಬ್ಬರು ಜಪಾನಿ ನೌಕಾ ಅಧಿಕಾರಿಗಳು ಬಂದರು, ಚಿನ್ನವೂ ಬಂತು. ಐ-29 ಮುಂದಿನ ವರ್ಷ ಜುಲೈನಲ್ಲಿ ಅಮೆರಿಕದ ಸಾಫಿಶ್ ಸಬ್‌ಮರೀನ್‌ನ ಟಾರ್ಪೆಡೊಗೆ ಬಲಿಯಾಯಿತು.

ಯು-180 ಜುಲೈ 1943ರಲ್ಲಿ ಫ್ರಾನ್ಸಿನ ಬೋರ್ಡೊ ಬಂದರಿಗೆ ಮರಳಿತು. ಅಲ್ಲಿ ಜರ್ಮನ್ನರಿಗೆ ಬುದ್ಧಿ ಬಂತು ಅನ್ನಿ. ಆರೂ ಇಂಜಿನ್ ಬಿಚ್ಚಿ ಮಾಮೂಲಿ ಡೀಸೆಲ್ ಕೂರಿಸಿದರು. ಟಾರ್ಪೆಡೊ ಟ್ಯೂಬ್‌ಗಳನ್ನೂ ತೆಗೆದು ಸರಕು ಸಾಗಿಸೋ ಹಡಗು ಮಾಡಿದರು. 1944ರ ಆಗಸ್ಟ್‌ನಲ್ಲಿ ಜಪಾನಿಗೆಂದು ಹೊರಟಿದ್ದು ಬಿಸ್ಕೆ ಕೊಲ್ಲಿಯನ್ನೂ ದಾಟಲಿಲ್ಲ. ಒಳಗಿದ್ದ 56 ಜನರೂ ಹೋದರು. ಮೈನ್ ಸಿಡಿಯಿತು ಅಂತ ಕೆಲವರು, ಸ್ನಾರ್ಕೆಲ್ (ನೀರಿನಡಿ ಇದ್ದಾಗಲೂ ಇಂಜಿನ್‌ಗೆ ಗಾಳಿ ಎಳೆಯೋ ಕೊಳವೆ) ಕೆಟ್ಟಿತು ಅಂತ ಕೆಲವರು. ಹೊಸ ಇಂಜಿನ್ ದೂರದ ಓಟಕ್ಕೆ ಹೇಗಿತ್ತು ಅಂತ ನೋಡೋಕೂ ಆಗಲಿಲ್ಲ.