ಸಾಂಬ್ರಾದಿಂದ ಹೀಥ್ರೂ: ಕಿಲೋಮೀಟರ್ ಎಷ್ಟು, ತಾಸು ಎಷ್ಟು

ಬೆಳಗಾವಿಯ ವಿಮಾನ ನಿಲ್ದಾಣ ಸಾಂಬ್ರಾದಿಂದ ಲಂಡನ್ನಿನ ಹೀಥ್ರೂಗೆ ನೇರ ಅಂತರ ಸುಮಾರು 7,600 ಕಿ.ಮೀ. ಆದರೆ ನೇರ ವಿಮಾನವಿಲ್ಲ. ನಕಾಶೆ ನೋಡಿದರೆ ಮುಂಬೈ ಹೆಚ್ಚುಕಡಿಮೆ ದಾರಿಯ ಮೇಲೆಯೇ ಇದೆ. ಅಲ್ಲಿ ಇಳಿದು ಹತ್ತಿದರೆ ಅಂತರ ಬೆಳೆಯುವುದು ಹತ್ತಿಪ್ಪತ್ತು ಕಿ.ಮೀ. ಅಷ್ಟೆ. ಬೆಂಗಳೂರಿನ ಮೇಲೆ ಹಾಯ್ದರೆ ಮೊದಲು ಲಂಡನ್‌ಗೆ ಬೆನ್ನು ಹಾಕಿ ಆಗ್ನೇಯಕ್ಕೆ 440 ಕಿ.ಮೀ., ಆಮೇಲೆ 8,050. ಹೆಚ್ಚುಕಡಿಮೆ 900 ಕಿ.ಮೀ. ಸುತ್ತು.

ಆದರೂ ಬೆಂಗಳೂರೇ ವಾಸಿ. ಮುಂಬೈಯಲ್ಲಿ ಸಾಂಬ್ರಾದ ವಿಮಾನ ಒಂದನೇ ಟರ್ಮಿನಲ್‌ಗೆ ಬಂತೆಂದರೆ ಲಂಡನ್ ವಿಮಾನಕ್ಕೆ ಎರಡನೇ ಟರ್ಮಿನಲ್ ತನಕ ಲಗೇಜ್ ಸಮೇತ ಊರ ರಸ್ತೆಯ ಟ್ರಾಫಿಕ್‌ನಲ್ಲಿ ಹೋಗಬೇಕು. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಲ್ಲಿವೆ. ಒಂದನೆಯದರಲ್ಲಿ ಇಳಿದರೂ ನಿಲ್ದಾಣದ ಆವರಣ ಬಿಟ್ಟು ಹೊರಗೆ ಹೋಗಬೇಕಿಲ್ಲ.

ಈಗ ತಾಸಿನ ಲೆಕ್ಕ. ಊರಿನಿಂದ ಸಾಂಬ್ರಾ ಹತ್ತು ಕಿ.ಮೀ., ಅರ್ಧ ತಾಸು. ಕೌಂಟರ್ ಒಂದು ತಾಸು ಮುಂಚೆಯೇ ಮುಚ್ಚುವುದರಿಂದ ಎರಡು ತಾಸು ಮೊದಲು ಅಲ್ಲಿರಬೇಕು. ಬೆಂಗಳೂರಿಗೆ ಒಂದೂಕಾಲು ತಾಸು, ನಡುವೆ ಕನಿಷ್ಠ ನಾಲ್ಕು ತಾಸು ಬಿಡುವು, ಲಂಡನ್‌ಗೆ ಹತ್ತೂವರೆಯಿಂದ ಹನ್ನೊಂದು, ಅಲ್ಲಿ ಇಮಿಗ್ರೇಶನ್‌ಗೂ ಲಗೇಜ್‌ಗೂ ಸೇರಿ ಒಂದೂವರೆ. ಒಟ್ಟು ಇಪ್ಪತ್ತು ತಾಸು. ಅದರಲ್ಲಿ ಆಕಾಶದಲ್ಲಿರುವುದು ಹನ್ನೆರಡೇ.

ನಾಲ್ಕು ತಾಸಿನ ಬಿಡುವು ಜಾಸ್ತಿಯಾಯಿತು ಅನ್ನಿಸಬಹುದು. ಜುಲೈ, ಆಗಸ್ಟ್‌ನಲ್ಲಿ ಸಾಂಬ್ರಾ ಮೇಲೆ ಮೋಡ ಕೆಳಗಿಳಿದು ಜಿಟಿಜಿಟಿ ಮಳೆ ಹಿಡಿದಾಗ, ಬೆಂಗಳೂರಿನಿಂದ ಬರಬೇಕಾದ ವಿಮಾನವೇ ಇಳಿಯಲಾಗದೆ ತಡವಾಗುತ್ತದೆ. ಆ ತಿಂಗಳುಗಳಲ್ಲಿ ಹಿಂದಿನ ದಿನವೇ ಬೆಂಗಳೂರು ಸೇರಿಬಿಡುವುದು ಕ್ಷೇಮ.

ಎರಡೂ ಹಾರಾಟ ಒಂದೇ ಬುಕಿಂಗ್‌ನಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ಅದರ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ತೆಗೆದರೆ ಆ ಹೊಣೆ ಯಾರದೂ ಅಲ್ಲ. ತೂಕದ್ದೂ ಅದೇ ಪೇಚು: ಲಂಡನ್ ಟಿಕೆಟ್ 23 ಕೆ.ಜಿ. ಬಿಟ್ಟರೂ ದೇಶದೊಳಗಿನ ಸಾಮಾನ್ಯ ಮಿತಿ 15. ಉಳಿದ ಎಂಟು ಕೆ.ಜಿ.ಗೆ ಸಾಂಬ್ರಾದಲ್ಲೇ ದುಡ್ಡು ಕಟ್ಟಬೇಕು. ಆ ತೂಕದಲ್ಲಿ ಕುಂದಾ ಡಬ್ಬಿಗೆ ಜಾಗ ಹುಡುಕುವುದು ಬೇಡ. ಅದು ಹಾಲಿನ ಪದಾರ್ಥ. ಭಾರತದಿಂದ ಹಾಲು, ಮಾಂಸದ ತಿನಿಸು ಒಯ್ಯಲು ಬ್ರಿಟನ್ ಬಿಡುವುದಿಲ್ಲ. ಶೇಂಗಾ ಚಟ್ನಿಪುಡಿಗೆ ಈ ತಕರಾರಿಲ್ಲ.

ಟಿಕೆಟ್ ಮೇಲಿನ ವೇಳೆ ಆಯಾ ಊರಿನದು. ಬೆಂಗಳೂರು ಮಧ್ಯಾಹ್ನ 1, ಲಂಡನ್ ಸಂಜೆ 7 ಎಂದಿದ್ದರೆ ಆರು ತಾಸಿನ ಪಯಣವಲ್ಲ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ, ಹಾಗಾಗಿ ಹತ್ತೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ತಾಸು ಹಿಂದೆ ಸರಿದು ವ್ಯತ್ಯಾಸ ಐದೂವರೆಯಾಗುತ್ತದೆ. ಮಾರ್ಚ್ ಕೊನೆಯ ಭಾನುವಾರ ಮತ್ತೆ ನಾಲ್ಕೂವರೆ.

ಹಾರಾಟದ ಹೊತ್ತೂ ಸ್ಥಿರವಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಪಶ್ಚಿಮದ ಹಲವು ದಾರಿಗಳು ಸುತ್ತಾದವು. ಮರಳಿ ಬರುವಾಗ ಮಾತ್ರ ಪಶ್ಚಿಮದಿಂದ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಹಿಂದಿನಿಂದ ತಳ್ಳುತ್ತದೆ. ಅದೇ ಅಂತರಕ್ಕೆ ಸುಮಾರು ಒಂದು ತಾಸು ಉಳಿತಾಯ.