ಕೈಗಾ ಇಂಟರ್ನ್‌ಶಿಪ್: ಕಂಡೆನ್ಸರ್ ಪ್ರಾಜೆಕ್ಟ್ ಎಲ್ಲಿಗೆ ಬಂತು

ಹೋದ ಸಲ ಬರೆದಾಗ ಇನ್ನೂ ಗೇಟ್ ಪಾಸ್, ಸುರಕ್ಷತಾ ತರಬೇತಿ ಅಂತ ಓಡಾಡುತ್ತಿದ್ದೆ. ಈಗ ಪ್ರಾಜೆಕ್ಟ್ ಸಿಕ್ಕಿದೆ. ರಿಯಾಕ್ಟರ್ ಅಲ್ಲ, ಕಂಡೆನ್ಸರ್! ಟರ್ಬೈನ್ ತಿರುಗಿಸಿ ಬಂದ ಹಬೆಯನ್ನು ತಂಪು ನೀರಿನಿಂದ ತಣಿಸಿ ಮತ್ತೆ ನೀರಾಗಿಸುವ ಭಾಗ ಅದು. ಆ ತಂಪು ನೀರಿನ ಉಷ್ಣತೆ ಏರಿದರೆ ಒಳಗಿನ ವ್ಯಾಕ್ಯೂಮ್ (ತೀರಾ ಕಡಿಮೆ ಒತ್ತಡ) ಎಷ್ಟು ಕೆಡುತ್ತದೆ ಎಂದು ಲೆಕ್ಕ ಹಾಕಬೇಕು. ರೂಮಿನ ಎಲೆಕ್ಟ್ರಾನಿಕ್ಸ್ ಹುಡುಗನಿಗೆ ಕಂಟ್ರೋಲ್ ಸಿಸ್ಟಮ್ ಕೊಟ್ಟರು ಅಂತ ಕೇಳಿ ಹೊಟ್ಟೆ ಉರಿದದ್ದು ನಿಜ. ಲೆಕ್ಕಕ್ಕೆ ಕೂತ ಮೇಲೆ ಆ ಉರಿ ತಾನಾಗಿ ಇಳಿಯಿತು.

ಯಾಕೆ ಅಂದ್ರೆ, ಇಲ್ಲಿನ ಒಂದೊಂದು ಯುನಿಟ್ 220 ಮೆಗಾವ್ಯಾಟ್‌ನದು. ಅಷ್ಟು ವಿದ್ಯುತ್ತಿಗೆ ರಿಯಾಕ್ಟರ್ ಕೊಡಬೇಕಾದ ಶಾಖ ಸುಮಾರು 750 ಮೆಗಾವ್ಯಾಟ್. ಉಳಿದ 530ರಲ್ಲಿ ಬಹುಪಾಲು ಕಂಡೆನ್ಸರ್ ಮೂಲಕ ಕದ್ರಾ ಜಲಾಶಯದ ನೀರಿಗೆ ಹೋಗುತ್ತದೆ. ಆ ನೀರು 10 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಬಾರದು ಅಂತ ಇಟ್ಟುಕೊಂಡರೆ, ಸೆಕೆಂಡಿಗೆ 12–13 ಟನ್ ನೀರು ಹರಿಯಬೇಕು. ಕಾಳಿ ನದಿ ಪಕ್ಕದಲ್ಲೇ ಸ್ಥಾವರ ಕಟ್ಟಿದ್ದು ಸುಮ್ನೆ ಅಲ್ಲ.

ಟರ್ಬೈನ್ ಹಾಲ್‌ನಲ್ಲಿ ಮಾತು ಕೇಳಿಸುವುದಿಲ್ಲ, ಕಿವಿಗೆ ಪ್ಲಗ್ ಬೇರೆ. ಸೀನಿಯರ್ ಒಬ್ಬರು ಸನ್ನೆ ಮಾಡಿ ಎರಡು ದಪ್ಪ ಪೈಪುಗಳನ್ನು ಮುಟ್ಟಿಸಿದರು. ನೀರು ಒಳಹೋಗುವ ಪೈಪು ತಣ್ಣಗಿತ್ತು, ಹೊರಬರುವುದು ಉಗುರುಬೆಚ್ಚಗೆ. 500 ಮೆಗಾವ್ಯಾಟ್‌ಗೂ ಮೀರಿದ ಶಾಖ ಅಷ್ಟೇ ವ್ಯತ್ಯಾಸದಲ್ಲಿ ಹೊರಗೆ ಹೋಗುತ್ತಿದೆ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಅಂದಹಾಗೆ ಟರ್ಬೈನ್‌ಗೆ ಬರುವ ಹಬೆ ರಿಯಾಕ್ಟರ್ ಒಳಗಿನದಲ್ಲ. ರಿಯಾಕ್ಟರ್‌ನ ಶಾಖ ಹೊತ್ತು ತರುವ ಭಾರಜಲ, ಹಬೆ ತಯಾರಾಗುವ ಸ್ಟೀಮ್ ಜನರೇಟರ್‌ನ ಟ್ಯೂಬುಗಳೊಳಗೇ ಸುತ್ತುತ್ತದೆ, ಹೊರಗಿನ ಮಾಮೂಲಿ ನೀರು ಹಬೆಯಾಗುತ್ತದೆ. ಅಮ್ಮನಿಗೆ ಫೋನಿನಲ್ಲಿ ಇದನ್ನೇ ಹೇಳಿ ಸಾಕಾಗಿದೆ.

ಸ್ಥಾವರದ ರೀಡಿಂಗ್‌ಗಳನ್ನು ಹೊರಗೆ ಒಯ್ಯುವಂತಿಲ್ಲ. ಹಾಗಾಗಿ ಎಕ್ಸೆಲ್ ಹಾಳೆಗೆ ಸ್ಟೀಮ್ ಟೇಬಲ್ (ಯಾವ ಉಷ್ಣತೆಗೆ ಹಬೆಯ ಒತ್ತಡ ಎಷ್ಟು ಅನ್ನುವ ಪಟ್ಟಿ) ಮತ್ತು ನಾನೇ ಆರಿಸಿಕೊಂಡ ಅಂಕಿಗಳನ್ನು ಹಾಕಿದ್ದೇನೆ. ನೀರು 10 ಡಿಗ್ರಿ ಏರುತ್ತದೆ, ಟರ್ಮಿನಲ್ ಟೆಂಪರೇಚರ್ ಡಿಫರೆನ್ಸ್, ಅಂದ್ರೆ ಹಬೆ ನೀರಾಗುವ ಉಷ್ಣತೆಗೂ ಹೊರಹೋಗುವ ತಂಪು ನೀರಿನ ಉಷ್ಣತೆಗೂ ಇರುವ ಅಂತರ, 4 ಡಿಗ್ರಿ. ಇದನ್ನು ಎಲ್ಲರೂ ಟಿಟಿಡಿ ಅಂತಾರೆ, ತಿರುಪತಿಯದ್ದಲ್ಲ. ಒಳಬರುವ ನೀರು 25 ಡಿಗ್ರಿ ಇದ್ದರೆ ಹಬೆ 39ರಲ್ಲಿ ನೀರಾಗುತ್ತದೆ, ಒತ್ತಡ 7 ಕಿಲೋಪಾಸ್ಕಲ್. ಬೇಸಿಗೆಯಲ್ಲಿ ನೀರು 30ಕ್ಕೆ ಬಂದರೆ ಹಬೆ 44ಕ್ಕೆ, ಒತ್ತಡ 9.1ಕ್ಕೆ. ಐದೇ ಡಿಗ್ರಿಗೆ ಒತ್ತಡ ಶೇ 30ರಷ್ಟು ಜಾಸ್ತಿ! ಈ ಒತ್ತಡ ಏರಿದಂತೆ ಹಬೆಯಿಂದ ಟರ್ಬೈನ್‌ಗೆ ಸಿಗುವ ಕೆಲಸ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ. 1ನೇ ಯುನಿಟ್ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿತ್ತಲ್ಲ, ಆಗ ಅದು ವಿಶ್ವದಾಖಲೆ. ಆಮೇಲೆ ಕೆನಡಾದ ಡಾರ್ಲಿಂಗ್ಟನ್ ಅಣುಸ್ಥಾವರದ ಯುನಿಟ್ ಒಂದು ಅದನ್ನು ಮುರಿಯಿತು. ಈ ಬಗೆಯ ರಿಯಾಕ್ಟರ್‌ಗೆ ಓಡುತ್ತಿರುವಾಗಲೇ ಇಂಧನ ತುಂಬಬಹುದು ಅಂತ ಎಲ್ಲರೂ ಅದನ್ನೇ ಹೊಗಳುತ್ತಾರೆ. ನಾನೂ ಹೊಗಳುತ್ತಿದ್ದೆ. ಆದರೆ ಅಷ್ಟು ದಿನ ಪಂಪುಗಳು, ಕಂಡೆನ್ಸರ್ ಎಲ್ಲವೂ ಕೈಕೊಡದೆ ದುಡಿಯಬೇಕು, ಅಲ್ವಾ? ಅವುಗಳ ಹೆಸರು ಯಾರೂ ಹೇಳುವುದಿಲ್ಲ.

ಮುಂದಿನ ಕೆಲಸ ಕಂಡೆನ್ಸರ್ ಟ್ಯೂಬಿನೊಳಗೆ ಕಟ್ಟುವ ಪಾಚಿ, ಕೆಸರಿನದು. ಅದು ದಪ್ಪವಾದಂತೆ ಟಿಟಿಡಿ ಏರುತ್ತದೆ. 4ನ್ನು 6, 8 ಮಾಡಿ ಇದೇ ಲೆಕ್ಕ ಮತ್ತೆ ಓಡಿಸಬೇಕು. ಗ್ರಾಫ್ ಆದ ಮೇಲೆ ಹಾಕುತ್ತೇನೆ.